ಮೆಜೆಸ್ಟಿಕ್ಕಿನ ಕೆರೆ ಏರಿ

ಕೂಡ್ಲಿಗಿಯ ಬಸ್ ನಿಲ್ದಾಣದ ಮುಂದೆ ರಸ್ತೆ ದಾಟುವಾಗ ಈಚೆಗೆ ನನ್ನ ಕೈ ತಾನಾಗಿಯೇ ಹೋಗಿ ಹೆಂಡತಿಯ ಸೆರಗಿನ ತುದಿಯನ್ನು ಹಿಡಿದುಕೊಳ್ಳುತ್ತದೆ. ನೋಡಿದವರು ಅದನ್ನು ದಾಂಪತ್ಯಪ್ರೇಮವೆಂದು ಭಾವಿಸಿ ಮುಗುಳ್ನಗುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಓದುಗ ಮಿತ್ರರೇ, ನಿಮ್ಮಲ್ಲಿ ಮುಚ್ಚುಮರೆ ಏಕೆ, ಅದರ ಮೂಲ ಶುದ್ಧಾಂಗ ಭಯ.

ಮೂವತ್ತು ವರ್ಷ ನಾನು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಬೆಂಗಳೂರಿನ ಕೋಟೆ, ಪೇಟೆ, ದಂಡು, ಕಟ್ಟಿದ ಕೆರೆ, ಮುಚ್ಚಿದ ಕೆರೆ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ನಿರಾಯಾಸವಾಗಿ ಒರೆಸಿದವನು. ಹಾಗಾಗಿ ಹೋದ ವರ್ಷ ನನ್ನ ಹೆಂಡತಿ, ಕೊಟ್ಟೂರಿನ ಮಗಳು ಕೊಟ್ರಮ್ಮನನ್ನು ಸಕ್ಕರೆ ಕಾಯಿಲೆಯ ದೊಡ್ಡ ಡಾಕ್ಟರರಿಗೆ ತೋರಿಸಲು ಬೆಂಗಳೂರಿಗೆ ಕರೆದೊಯ್ಯುವಾಗ ಬಸ್ಸಿನಲ್ಲೇ ಪಾಠ ಶುರುವಾಯಿತು.

"ನಾವು ಇಳಿಯೋ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು ಮೊದಲು ಧರ್ಮಾಂಬುಧಿ ಅಂತ ಕೆರಿ ಇತ್ತು. ಕೆರಿ ಅಂಗಳದಾಗ ಇಳೀತೀವಿ ನೋಡು."

"ನೀರಿಲ್ಲದ ಕೆರ್‍ಯಾಗ ಅಷ್ಟು ಮಂದಿ ಏನ್ ಮಾಡ್ತಾರ್ರಿ?" ಎಂದು ಕೇಳಿ ಅವಳು ಕಣ್ಣು ಮುಚ್ಚಿದಳು. ಹಿಂದಿನ ಬೆಂಚಿನ ಹುಡುಗರೂ ಹೀಗೇ ಮಾಡುತ್ತಿದ್ದರು.

ಬೆಳಿಗ್ಗೆ ಇಳಿದವಳೇ ಅವಳು ಇನ್ಸುಲಿನ್ ಚುಚ್ಚಿಕೊಂಡಳು. ಅದಾದ ಅರ್ಧ ಗಂಟೆಯೊಳಗೆ ಏನಾದರೂ ತಿನ್ನದಿದ್ದರೆ ಕೈ ನಡುಗಿ ಕಣ್ಣಿಗೆ ಕತ್ತಲೆ ಬರುತ್ತದೆ. ರೊಟ್ಟಿ, ಬೆಲ್ಲ, ಅವಳ ಫೋನು, ಮೂರೂ ಇದ್ದ ಚೀಲವನ್ನು ಹೆಗಲಿಗೇರಿಸಿಕೊಂಡು, ಆಸ್ಪತ್ರೆಯ ಬಸ್ಸು ಯಾವುದೆಂದು ಒಂದೇ ನಿಮಿಷದಲ್ಲಿ ಕೇಳಿ ಬರುತ್ತೇನೆಂದು ಅವಳನ್ನು ಬೆಂಚಿನ ಮೇಲೆ ಕೂರಿಸಿ ಹೊರಟ ಮಹಾಪಂಡಿತ ನಾನು. ಮರಳಿದಾಗ ಆ ಬೆಂಚಿಗೆ ನೀರು ಹಾಕಿ ತೊಳೆಯುತ್ತಿದ್ದರು.

"ಇಲ್ಲಿ ಒಬ್ಬಾಕಿ ಕುಂತಿದ್ಲಲ್ಲವ್ವಾ?"

"ಎಲ್ರುನೂ ಎಬ್ಬಿಸ್ದೆ ಸಾರ್. ಯಾರ್ ಯಾವ್ ಕಡೆ ಹೋದ್ರೋ ಏನೋ," ಎಂದಳು ತೊಳೆಯುತ್ತಿದ್ದವಳು.

ಶತಮಾನಗಳನ್ನು ಸಲೀಸಾಗಿ ದಾಟಿಸುತ್ತಿದ್ದ ನನಗೆ ಅಲ್ಲಿಂದ ಒಂದೊಂದು ನಿಮಿಷವೂ ದಾಟಲಾರದ್ದಾಯಿತು. ಅವಳು ಉಟ್ಟಂಥ ಹಸಿರು ಸೀರೆ ಕಂಡಲ್ಲೆಲ್ಲ ಓಡಿ, ಮುಖ ಬಗ್ಗಿ ನೋಡಿ, ಬೈಸಿಕೊಂಡೆ. ವಿಚಾರಣೆಯ ಕಿಟಕಿಯವರು ಮೈಕಿನಲ್ಲಿ ಅವಳ ಹೆಸರು ಕೂಗಿದರು, ಯಾರೂ ಬರಲಿಲ್ಲ. ಎಲ್ಲೋ ಮೂಲೆಯಲ್ಲಿ ಕುಸಿದಿದ್ದರೆ ಮಲಗಿದ್ದಾಳೆಂದುಕೊಂಡು ಜನ ದಾಟಿ ಹೋಗುತ್ತಾರೆ ಎಂದು ಹೊಳೆದಾಗ ಮಲಗಿದ್ದವರನ್ನೆಲ್ಲ ಬಗ್ಗಿ ನೋಡುತ್ತ ಹೋದೆ. ಇನ್ಸುಲಿನ್ ಚುಚ್ಚಿಕೊಂಡು ಇಪ್ಪತ್ತು ನಿಮಿಷ ಆಗಿಹೋಗಿತ್ತು.

ಆಗ ನೆನಪಾಯಿತು. ಕೊಟ್ಟೂರಿನ ಅವರ ಮನೆಯಲ್ಲಿ ಒಂದು ಪದ್ಧತಿ: ಸಂತೆಯಲ್ಲಿ ಕೈ ತಪ್ಪಿದವರು ಒಬ್ಬರನ್ನೊಬ್ಬರು ಹುಡುಕಿ ಅಲೆಯಬಾರದು, ನೆಟ್ಟಗೆ ಹೋಗಿ ಕೆರೆಯ ಏರಿಯ ಮೇಲೆ ಕೂರಬೇಕು. ನನ್ನ ಪಾಠವನ್ನು ಜನ್ಮದಲ್ಲಿ ಮೊದಲ ಸಲ ಒಬ್ಬರು ನಂಬಿರಬಹುದೆಂದು ತಿಳಿದು ನನ್ನ ಭಯ ಇಮ್ಮಡಿಯಾಯಿತು. ಇಲ್ಲದ ಏರಿಯನ್ನು ಹುಡುಕುತ್ತ ಅವಳು ಎಷ್ಟು ದೂರ ಹೋದಳೋ! ಏರಿ ಯಾವ ದಿಕ್ಕಿಗಿತ್ತೆಂದು ಯಾವ ಮಕ್ಕಳೂ ನನ್ನನ್ನು ಕೇಳಿರಲಿಲ್ಲ.

ಬೆಂಚಿನ ಬಳಿಗೆ ಮರಳಿದರೆ, ತೊಳೆದ ನೀರು ಮಾತ್ರ ಇನ್ನೂ ಒಂದೇ ಕಡೆಗೆ ಹರಿಯುತ್ತಿತ್ತು. ಮಳೆಯ ಹನಿ ಎಣಿಸಿ ಬದುಕುವ ನಮ್ಮ ಕಡೆಯವರಿಗೆ ಕೆರೆ ಅಂಗಳದ ನೀರು ತಗ್ಗಿನ ತುದಿಗೆ ಕಟ್ಟಿದ ಏರಿಯತ್ತ ಓಡುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಅದರ ಹಿಂದೆಯೇ ಓಡಿದೆ. ನಿಲ್ದಾಣದ ಆಚೆ ರಸ್ತೆ ಏರಿದಲ್ಲಿ, ಬಾಗಿಲು ಹಾಕಿದ ಅಂಗಡಿಯ ಮೆಟ್ಟಿಲ ಮೇಲೆ, ಹಣೆಯ ತುಂಬ ಬೆವರಿಟ್ಟು ಕೊಟ್ರಮ್ಮ ಕೂತಿದ್ದಳು.

"ಏರಿ ಮ್ಯಾಲ ಇರ್ತೀನಂತ ಗೊತ್ತಾಗಲಿಲ್ಲೇನ್ರಿ?" ಎಂದಳು, ನಾಲಿಗೆ ತೊದಲುತ್ತಿತ್ತು. ಅವಸರದಲ್ಲಿ ಬೆಲ್ಲ ಬಾಯಿಗಿಡಲು ಹೋದರೆ ಅರ್ಧ ನೆಲಕ್ಕೆ ಬಿತ್ತು; ಉಳಿದರ್ಧ ಕರಗಿದ ಮೇಲೆ ಅವಳ ಮಾತು ನೆಟ್ಟಗಾಯಿತು.

ಈಗ ಬೆಲ್ಲದ ಚೂರು ಅವಳ ಸೆರಗಿನ ತುದಿಯಲ್ಲೇ ಗಂಟಾಗಿರುತ್ತದೆ. "ಅವತ್ತು ತಪ್ಪಿಸ್ಕೊಂಡವ್ರು ನೀವು, ನಾ ಅಲ್ಲ. ಬಿಡ್ರಿ, ಮಂದಿ ನೋಡ್ತಾರ," ಎಂದು ರಸ್ತೆಯಂಚಿನಲ್ಲಿ ಅವಳು ಗದರುತ್ತಾಳೆ. ಆ ಗಂಟು ಅಂಗೈಗೆ ತಗುಲುವತನಕ ನಾನು ರಸ್ತೆಗೆ ಕಾಲಿಡುವುದಿಲ್ಲ.