ಸೀಟಿನ ಕೆಳಗಿನ ಡಗ್ಗ

ನನ್ನ ಪಿಕಪ್ ಗಾಡಿಗೆ ಕಂಪನಿಯವರೇ ಕೂರಿಸಿ ಕೊಟ್ಟ ಸ್ಟೀರಿಯೋ ಒಂದಿತ್ತು. ಅದರಲ್ಲಿ ಹಾಡುವವರ ಗಂಟಲು ಕೇಳುತ್ತಿತ್ತು, ತಾಳ ಕೇಳುತ್ತಿತ್ತು, ಪಕ್ಕದಲ್ಲಿ ಹೋಗುವ ಬಸ್ಸಿನ ಹಾರನ್ನಂತೂ ಎಲ್ಲಕ್ಕಿಂತ ಚೆನ್ನಾಗಿ ಕೇಳುತ್ತಿತ್ತು. ಗುಂ ಎನ್ನುವ ಕೆಳಗಿನ ದನಿ ಮಾತ್ರ ಇಲ್ಲವೇ ಇಲ್ಲ. ಚನ್ನಗಿರಿಯಿಂದ ಅಡಿಕೆ, ಜಗಳೂರು ಕಡೆಯಿಂದ ಮೆಕ್ಕೆಜೋಳ ಹೇರಿಕೊಂಡು ದಿನಕ್ಕೆ ಆರೇಳು ತಾಸು ಆ ಕ್ಯಾಬಿನ್ನಿನಲ್ಲೇ ಕಳೆಯುವ ನನಗೆ ಇದು ಸಣ್ಣ ವಿಷಯವಾಗಿರಲಿಲ್ಲ. ಅದರಲ್ಲೂ ನಾನು ಡಗ್ಗ ಬಾರಿಸುವವನು.

ತಬಲದ ಜೋಡಿಯಲ್ಲಿ ಎಡಗೈಗೆ ಸಿಗುವ, ಆ ದನಿ ಕೊಡುವ ದಪ್ಪ ಹೊಟ್ಟೆಯದು ಡಗ್ಗ. ಭಜನೆಗಳಲ್ಲಿ ವರ್ಷಗಟ್ಟಲೆ ತಬಲ ಬಾರಿಸಿದ್ದೇನೆ. ಹಾರ್ಮೋನಿಯಂ ಹಿಡಿದು ಹಾಡುತ್ತಿದ್ದವರು ನನ್ನ ಷಡ್ಡಕರು, ನನ್ನ ಹೆಂಡತಿಯ ಅಕ್ಕನ ಗಂಡ. ಅವರ ಮನೆ ನ್ಯಾಮತಿಯಲ್ಲಿ. ವಯಸ್ಸಿನಲ್ಲಿ ನನಗಿಂತ ಹಿರಿಯರು, ಮಾತು ಕಡಿಮೆ. ನನ್ನ ಮಾತು ಎಷ್ಟೆಂದು ಇಷ್ಟು ಹೊತ್ತಿಗೆ ನಿಮಗೇ ಗೊತ್ತಾಗಿರಬೇಕು.

ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಸೋಮವಾರ, ಸೂಳೆಕೆರೆ ದಂಡೆಯ ಹಳ್ಳಿಯೊಂದರಲ್ಲಿ ನಮ್ಮ ಭಜನೆ ಇತ್ತು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಹಾಡು ಕುಂಟತೊಡಗಿತು. ಲಯ ಇಳಿಯಿತು, ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಹಿಂದೆ ಯಾರೋ ನಕ್ಕರು. ನನಗೆ ನಗುವವರನ್ನು ಕಂಡರೆ ಆಗುವುದಿಲ್ಲ. ಪ್ರಸಾದದ ಪಂಕ್ತಿಯಲ್ಲಿ, ಎಲ್ಲರ ಮುಂದೆ, ಷಡ್ಡಕರಿಗೆ ಅಂದೇಬಿಟ್ಟೆ.

"ಅಣ್ಣ, ನಿಮ್ಮ ಹಾರ್ಮೋನಿಯಂ ಎತ್ತಿನಗಾಡಿ ಆಗೈತೆ. ವಯಸ್ಸಾಯ್ತು, ಇನ್ನು ಬಿಡ್ರಿ."

ಅವರು ತಲೆ ಎತ್ತಲಿಲ್ಲ. ಊಟ ಮುಗಿಸಿ, ಹಾರ್ಮೋನಿಯಂ ಮೇಲೆ ಟವೆಲ್ ಹೊದಿಸಿಕೊಂಡು ಹೊರಟುಹೋದರು. ಮಾತಾಡಲಿಲ್ಲವೆಂದರೆ ತಪ್ಪು ಒಪ್ಪಿಕೊಂಡರು ಎಂದೇ ನಾನು ತಿಳಿದೆ. ಅಲ್ಲಿಂದ ನ್ಯಾಮತಿಗೆ ನಾನು ಕಾಲಿಡಲಿಲ್ಲ. ನನ್ನ ತಬಲ ಬೀರುವಿನ ಮೇಲೆ ಹತ್ತಿ ಕೂತಿತು. ಹೆಂಡತಿ ಮಾತ್ರ ಅಕ್ಕನನ್ನು ನೋಡಲು ಎರಡು ಬಸ್ಸು ಬದಲಾಯಿಸಿ ಒಬ್ಬಳೇ ಹೋಗಿ ಬರುತ್ತಿದ್ದಳು. ಮನೆ ಬಾಗಿಲಲ್ಲೇ ಗಾಡಿ ನಿಂತಿದ್ದರೂ ಕೈಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದ ಅವಳನ್ನು ನೋಡುವಾಗ ನನಗೆ ಒಳಗೊಳಗೇ ಕಸಿವಿಸಿಯಾಗುತ್ತಿತ್ತು. ಆದರೂ ಹಟ ಬಿಡಲಿಲ್ಲ.

ಆ ದಿನದ ಭಜನೆಯ ರೆಕಾರ್ಡಿಂಗ್ ನನ್ನ ಮೊಬೈಲಿನಲ್ಲಿತ್ತು. ಫೋನನ್ನು ನಾನೇ ಡಗ್ಗದ ಪಕ್ಕ ಜಮಖಾನದ ಮೇಲೆ ಇಟ್ಟುಕೊಂಡಿದ್ದೆ. ಗಾಡಿಯಲ್ಲಿ ಯಾರು ಕೂತರೂ ಅದನ್ನು ಹಾಕಿ, "ಕೇಳ್ರಿ, ಲಯ ಹೆಂಗೆ ಇಳೀತೈತೆ ಅಂತ. ನನ್ನ ಡಗ್ಗ ನೋಡ್ರಿ, ಗಟ್ಟಿ ನಿಂತೈತೆ" ಎನ್ನುತ್ತಿದ್ದೆ. ಅವರು ಪಾಪ, ತಲೆ ಆಡಿಸುತ್ತಿದ್ದರು. ಆ ಸ್ಟೀರಿಯೋದಲ್ಲಿ ಡಗ್ಗ ಕೇಳುತ್ತಲೇ ಇರಲಿಲ್ಲ. ಬಲಗೈಯ ಪೆಟ್ಟೂ ನಾಲ್ಕು ಜೋಡಿ ತಾಳದ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಕೊನೆಗೆ ಹೊನ್ನಾಳಿಯಲ್ಲಿ ಗಾಡಿಗಳಿಗೆ ಸೌಂಡ್ ಕೂರಿಸುವ ಒಬ್ಬರ ಅಂಗಡಿಗೆ ಹೋದೆ.

ಅಂಗಡಿಯವರು ಬಾಗಿಲಿನ ಸ್ಪೀಕರಿಗೆ ಕಿವಿ ಇಟ್ಟು ನಕ್ಕರು. "ಕಂಪನಿ ಸೆಟ್ ಬಿಚ್ಚಾದು ಬ್ಯಾಡ ರೀ. ಇದರ ಸ್ಪೀಕರ್ ವೈರಿಂದಾನೇ ಲೈನ್ ತಗಂಡು ಒಂದು ಆಂಪ್ಲಿಫೈಯರ್ ಕೊಡ್ತೀನಿ, ಗುಂ ಅನ್ನೋ ದನಿಗೆ ಸೀಟಿನ ಕೆಳಗೆ ಚಪ್ಪಟೆ ವೂಫರ್ ಇಡಾಣ" ಎಂದರು. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ನಡುವೆ ಫ್ಯೂಸ್ ಹಾಕಿದರು. ಎಡಗಡೆ ಸೀಟಿನ ಕೆಳಗಿದ್ದ ಜಾಕು, ಪಾನಾಗಳನ್ನು ಸೀಟಿನ ಹಿಂದಕ್ಕೆ ತಳ್ಳಿ ಆ ಜಾಗದಲ್ಲಿ ವೂಫರ್ ಮಲಗಿಸಿದರು. ಬಾಗಿಲಿನ ತಗಡು ನಡುಗಬಾರದೆಂದು ಒಳಗೆ ದಪ್ಪ ಶೀಟು ಅಂಟಿಸಿದರು. ಅರ್ಧ ದಿನದ ಕೆಲಸ. ಮುಗಿದ ಮೇಲೆ ಯಾವುದೋ ಹಾಡು ಹಾಕಿದಾಗ ನನ್ನ ಬೆನ್ನಿಗೇ ಯಾರೋ ಮೆತ್ತಗೆ ತಟ್ಟಿದಂತಾಯಿತು. ಅಷ್ಟು ಖುಷಿಯಾಗಿ ಎಷ್ಟು ದಿನವಾಗಿತ್ತೋ.

ಮರುದಿನ ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಸೂಳೆಕೆರೆ ಏರಿಯ ಮೇಲೆ ಹೊರಟೆ. ಗಾಳಿ ಚೆನ್ನಾಗಿತ್ತು, ಗಾಡಿ ಖಾಲಿ ಇತ್ತು, ವೂಫರ್ ಅವಳ ಸೀಟಿನ ಕೆಳಗೇ ಇತ್ತು.

"ಸೊಂಟಕ್ಕೆ ಹಿತ ಆಗ್ತೈತೆ ಕಣ್ರೀ" ಎಂದಳು. ದಿನವಿಡೀ ಕೂತು ಅಡಿಕೆ ಸುಲಿಯುವ ಸೊಂಟ ಅದು. ನಾನು ಉಬ್ಬಿಹೋದೆ.

"ಇರು, ಈಗ ನನ್ನ ಡಗ್ಗ ಕೇಳು" ಎಂದು ಭಜನೆ ಹಾಕಿದೆ.

ಮೊದಲ ಚರಣ ಬಂಗಾರದಂತೆ ಬಂತು. ಎರಡನೆಯದರಲ್ಲಿ ಏನೋ ಎಡವಿತು. ಹಿಂದಕ್ಕೆ ಹಾಕಿ ಮತ್ತೆ ಕೇಳಿದೆ. ತಾಳಗಳೆಲ್ಲ ಒಟ್ಟಿಗೆ ಬಿದ್ದ ಮೇಲೆ, ಕಣ್ಣು ಮಿಟುಕಿಸುವಷ್ಟು ತಡವಾಗಿ, ಡಗ್ಗ ಗುಂ ಎನ್ನುತ್ತಿತ್ತು. ಮೂರನೇ ಸಲ ಹಾಕಿದಾಗ ಹೆಂಡತಿ, "ಯಾಕ್ರೀ, ಅಲ್ಲೇ ಅಲ್ಲೇ ಹಾಕ್ತೀರಿ?" ಎಂದಳು.

"ಈ ವೂಫರ್ ಸರಿ ಇಲ್ಲ. ತಡ ಮಾಡ್ತೈತೆ" ಎಂದೆ.

ಅವಳು ಕೆರೆಯ ಕಡೆ ಮುಖ ತಿರುಗಿಸಿಕೊಂಡಳು. ನಗುತ್ತಿದ್ದಳೋ ಏನೋ, ನಾನು ನೋಡಲು ಹೋಗಲಿಲ್ಲ.

ಮರುದಿನ ಹೊನ್ನಾಳಿಗೆ ಹೋಗಿ ಅಂಗಡಿಯವರ ಮೇಲೆ ಹಾರಾಡಿದೆ. ಅವರು ಸಮಾಧಾನದಿಂದ ಹತ್ತು ಹಾಡು ಹಾಕಿ ತೋರಿಸಿದರು. ಒಂದರಲ್ಲೂ ಕೂದಲೆಳೆಯಷ್ಟು ತಡವಿಲ್ಲ. ಆಮೇಲೆ ನನ್ನ ಭಜನೆಯನ್ನೂ ಪೂರ್ತಿ ಕೇಳಿದರು.

"ವೂಫರ್ ಕೆಟ್ಟರೆ ಎಲ್ಲ ಹಾಡಿಗೂ ಕೆಡ್ತೈತೆ ರೀ. ಇದೊಂದಕ್ಕೇ ಕೆಡಾಕೆ ಅದಕ್ಕೇನು ನಿಮ್ಮ ಮೇಲೆ ಸಿಟ್ಟೇ?" ಎಂದು ಕೇಳಿ, ಸೆಟ್ ಆರಿಸಿ, "ತಬಲ ಯಾರದ್ರಿ?" ಎಂದರು.

"ಯಾರದೋ" ಎಂದು ಗಾಡಿ ಹತ್ತಿದೆ.

ಆ ವಾರ ಜಗಳೂರಿಗೆ ಒಬ್ಬನೇ ಹೋಗುವುದಿತ್ತು. ಹೋಗುತ್ತ ಬರುತ್ತ ಅದೊಂದನ್ನೇ ಕೇಳಿದೆ. ಮೊದಮೊದಲು ನನ್ನ ತಪ್ಪು ಮಾತ್ರ ಕೇಳಿಸುತ್ತಿತ್ತು, ಕಿವಿ ಬಿಸಿಯಾಗುತ್ತಿತ್ತು. ಆಮೇಲೆ ಹಾರ್ಮೋನಿಯಂ ಕೇಳಿಸತೊಡಗಿತು. ನನ್ನ ಕೈ ಹಿಂದೆ ಬಿದ್ದಾಗಲೆಲ್ಲ ಷಡ್ಡಕರು ಒಂದು ಸ್ವರವನ್ನು ಎಳೆದು ಹಿಡಿದು ನಿಲ್ಲುತ್ತಿದ್ದರು. ಡಗ್ಗ ಬಂದು ಸೇರಿದ ಮೇಲೆಯೇ ಮುಂದಿನ ಸ್ವರಕ್ಕೆ ಹೋಗುತ್ತಿದ್ದರು. ಲಯ ಇಳಿದದ್ದು ಅದಕ್ಕೆ. ಎರಡನೇ ಚರಣದಿಂದ ಹಾಡು ಮುಗಿಯುವವರೆಗೂ ಅವರು ನನ್ನನ್ನು ಕಾದಿದ್ದರು. ರಸ್ತೆ ಬದಿಗೆ ಗಾಡಿ ನಿಲ್ಲಿಸಿ ಮುಖ ತೊಳೆದುಕೊಂಡೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಮನೆಗೆ ಬಂದು, "ಸೋಮವಾರ ನಿಮ್ಮ ಅಕ್ಕನ ಮನೆಗೆ ಹೋಗಾಣ, ಗಾಡೀಲೇ" ಎಂದೆ. ಹೆಂಡತಿ ಸೋಮವಾರ ಮಧ್ಯಾಹ್ನವೇ ಸೀರೆ ಉಟ್ಟು ಕೂತಿದ್ದಳು.

ಪ್ರತಿ ಸೋಮವಾರ ಸಂಜೆ ಷಡ್ಡಕರ ಪಡಸಾಲೆಯಲ್ಲಿ ಭಜನೆ ನಡೆಯುತ್ತದೆ. ನಾವು ಮುಟ್ಟಿದಾಗ ಆಗಲೇ ಐದಾರು ಜನ ಸೇರಿದ್ದರು. ಹೆಂಡತಿ ಒಳಗೆ ಹೋದಳು. ನಾನು ಬಾಗಿಲಲ್ಲೇ ನಿಂತು, "ಅಣ್ಣ, ಗಾಡಿಗೆ ಹೊಸ ಸೌಂಡ್ ಹಾಕ್ಸೀನಿ, ಒಂಚೂರು ಬಂದು ಕೇಳ್ರಿ" ಎಂದೆ. ಎರಡು ವರ್ಷದ ನಂತರ ಆಡುವ ಮೊದಲ ಮಾತು ಅದಾಗಬಾರದಿತ್ತು. ಬೇರೆ ಯಾವುದೂ ಬಾಯಿಗೆ ಬರಲಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡು ಬಂದು ಎಡಗಡೆ ಸೀಟಿನಲ್ಲಿ ಕೂತರು.

ಗಾಜು ಏರಿಸಿ ಭಜನೆ ಹಾಕಿದೆ. ತೊಡೆಯ ಮೇಲೆ ಬೆರಳಾಡಿಸುತ್ತ ಕೇಳಿದರು. ಎರಡನೇ ಚರಣ ಮುಗಿದ ಕೂಡಲೇ ನಾನು ನಿಲ್ಲಿಸಿದೆ.

"ತಡ ಮಾಡಿದ್ದು ನಾನು ಅಣ್ಣ."

"ಗೊತ್ತು."

"ಮತ್ತೆ ಆವತ್ತೇ ಯಾಕೆ ಅನ್ಲಿಲ್ಲ? ನಾನು ಅಷ್ಟು ಮಾತಾಡಿದಾಗ?"

"ಪಂಕ್ತಿಗೆ ಬಡಿಸ್ತಿದ್ದೋಳು ನಿನ್ನ ಹೆಂಡ್ತಿ ಅಲ್ಲೇನಪ್ಪ. ಅವಳ ಮುಂದೆ ನಿನಗೆ ಹೆಂಗೆ ಅನ್ನಾದು?"

ಅವರ ಹೆಂಡತಿಯೂ ಆ ದಿನ ಪಂಕ್ತಿಯಲ್ಲೇ ಬಡಿಸುತ್ತಿದ್ದರು. ಅದು ನನಗೆ ಆಗ ಹೊಳೆದಿರಲಿಲ್ಲ, ಎರಡು ವರ್ಷವೂ ಹೊಳೆದಿರಲಿಲ್ಲ.

ಇಳಿದು ಪಡಸಾಲೆಗೆ ಹೋದೆ. ಅಕ್ಕ ತಂಗಿ ಇಬ್ಬರೂ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ. "ಸೂಳೆಕೆರೆ ಭಜನೆ ಕೆಡಿಸಿದ್ದು ನನ್ನ ಕೈ. ಅಣ್ಣಂದು ಏನೂ ತಪ್ಪಿರಲಿಲ್ಲ. ಸುಮ್ಮನೆ ಅವರಿಗೆ ಅಂದೆ."

ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಬಲದ ಮುಂದೆ ಕೂತಿದ್ದವರು ತಾವಾಗಿಯೇ ಎದ್ದು ತಾಳ ಕೈಗೆತ್ತಿಕೊಂಡು ಜಾಗ ಬಿಟ್ಟರು. ನಾನು ಕೂತೆ. ನನ್ನ ಹಿಂದೆಯೇ ಬಂದ ಷಡ್ಡಕರು ಎದುರಿಗೆ ಕೂತು ಹಾರ್ಮೋನಿಯಂ ತೆರೆದರು.

"ಯಾವ ಲಯ ಅಣ್ಣ?" ಎಂದೆ.

"ನೀನು ಶುರು ಮಾಡು" ಎಂದರು. "ನಾವು ಸೇರ್ಕಂತೀವಿ."