ಎರೆಮಣ್ಣಿಗೆಂದು ಬಿಟ್ಟ ಎರಡು ಬೆರಳು

ಅಣ್ಣ ತೀರಿಕೊಂಡು ಬಹಳ ವರ್ಷಗಳಾದವು. ಅವನ ಮೇಲೆ ನನಗೀಗ ಯಾವ ಸಿಟ್ಟೂ ಇಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅದು ಪೂರ್ತಿ ಖರೆಯಲ್ಲ.

ಐವತ್ತರ ದಶಕದ ನಡುವೆ, ನಾನು ಬೆಳಗಾವಿಯ ಕಾನ್ವೆಂಟ್ ಮುಗಿಸಿ ನರಗುಂದಕ್ಕೆ ಮರಳಿದ ಬೇಸಿಗೆಯಲ್ಲಿ, ಅಣ್ಣ ಒಂದು ಸ್ಪೋರ್ಟ್ಸ್ ಕಾರು ಕೊಂಡು ತಂದ. ದೇಶ ಬಿಟ್ಟು ಹೊರಟಿದ್ದ ಇಂಗ್ಲಿಷ್ ಸಾಹೇಬನೊಬ್ಬನದು. ಎರಡೇ ಸೀಟು, ಮೇಲೆ ಕ್ಯಾನ್ವಾಸು, ಸೈಕಲ್ಲಿನಂತೆ ಕಡ್ಡಿಗಳಿದ್ದ ಗಾಲಿ. So elegant! ನಮ್ಮ ಕಡೆಯ ಗಾಡಿದಾರಿಯಲ್ಲಿ ತಿಂಗಳೊಳಗೆ ಆ ಕಡ್ಡಿಗಳು ಒಂದೊಂದಾಗಿ ಮುರಿದವು. ಅಂಥವು ಇನ್ನು ಸಿಗುವುದಿಲ್ಲವೆಂದು ಹುಬ್ಬಳ್ಳಿಯ ಅಂಗಡಿಯವರು ಎರಡು ಅಳತೆಯ ಉಕ್ಕಿನ ಗಾಲಿ ತೋರಿಸಿದರಂತೆ. ಹದಿನೈದು ಇಂಚಿನ ರಿಮ್ಮಿಗೆ ಐದೂವರೆ ಇಂಚಿನ ಟೈರು, ಇಲ್ಲವೆ ಹದಿನಾರಕ್ಕೆ ಆರು.

ಅಪ್ಪ ಹತ್ತಿ ವ್ಯಾಪಾರಿ. ನನ್ನನ್ನು ಕರೆದು ಕಾರಿನ ಹ್ಯಾಂಡ್‌ಬುಕ್ ಕೈಗಿಟ್ಟರು.

"ಧಾರವಾಡದಾಗ ಸೈನ್ಸ್ ಕಲೀತೀನಿ ಅಂತೀಯಲ್ಲ, ಮದ್ಲ ಈ ಗಾಲಿ ಲೆಕ್ಕಾ ಮಾಡು. ಮಳಿಗಾಲದಾಗ ಈ ಕಾರು ಗಜೇಂದ್ರಗಡದ ನಿಮ್ಮತ್ತಿ ಮನಿಗೆ ಹೋಗಿ ಬಂತಂದ್ರ, ನಾನ ಕರಕೊಂಡು ಹೋಗಿ ಕಾಲೇಜಿಗೆ ಹೆಸರ ಹಚ್ಚತೀನಿ."

ನಗುತ್ತಲೇ ಹೇಳಿದರು. ಆದರೆ ಆಡಿದ ಮಾತಿಗೆ ಅಪ್ಪ ತಪ್ಪುತ್ತಿರಲಿಲ್ಲ.

ದರ್ಜಿಯ ಟೇಪು ತಂದೆ. ಸೀಟುಗಳ ಮೇಲೆ ಎರಡು ಜೋಳದ ಚೀಲ ಹೊರಿಸಿ ಸ್ಪ್ರಿಂಗು ಕುಸಿಯುವಂತೆ ಮಾಡಿದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಅಳೆದರೆ, ಗಾಲಿಯ ನಡುವಿನಿಂದ ಮಡ್‌ಗಾರ್ಡಿಗೆ ಹದಿನೈದು ಇಂಚು. ದೊಡ್ಡ ಗಾಲಿಗೆ ನಡುವಿನಿಂದ ಅಂಚಿಗೆ ಹದಿನಾಲ್ಕು ಬೇಕು, ಸಣ್ಣದಕ್ಕೆ ಹದಿಮೂರು. ಎರಡೂ ಹಿಡಿಸುತ್ತವೆ! ಎತ್ತಿನ ಚಕ್ಕಡಿ ಹೊಡೆಯುವ ನಮ್ಮ ಮುದುಕ ಆಳು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ.

"ಅಕ್ಕಾರ, ಒಣಾ ಗಾಲಿ ಅಳದ್ರ ಏನ ಬಂತ್ರಿ? ಮಳಿ ಬಿದ್ದ ಮ್ಯಾಲ ಎರಿಮಣ್ಣ ಮೆತ್ತಿದ್ರ ಗಾಲಿ ಎರಡ ಬಟ್ಟ ದಪ್ಪ ಆಗತೈತಿ. ನಿಮ್ಮ ಇಂಗ್ಲಿಷ್ ಬುಕ್ಕಿನ್ಯಾಗ ಅದರ ಲೆಕ್ಕಾ ಐತೇನ್ರಿ?"

ಇರಲಿಲ್ಲ. ಅವನಿಂದಲೇ ಆ ಕಪ್ಪು ಜಿಗುಟು ಎರೆಮಣ್ಣು ನಾದಿಸಿ ಹಳೆಯ ಟೈರಿಗೆ ಮೆತ್ತಿದೆ. ಅವ್ವ ಬಾಗಿಲಲ್ಲಿ ನಿಂತು, "ಹೂರಣದ ಹದಾ ಗೊತ್ತಿಲ್ಲ, ಮಣ್ಣಿನ ಹದಾ ನೋಡ್ತಾಳ ನನ್ನ ಮಗಳು!" ಎಂದಳು. ಮೆತ್ತಿದ ಮಣ್ಣೇ ಎರಡು ಬೆರಳು, ಅಂದರೆ ಒಂದೂವರೆ ಇಂಚಾಯಿತು; ದೊಡ್ಡ ಗಾಲಿಗೆ ಉಳಿಯುತ್ತಿದ್ದ ಜಾಗ ಒಂದೇ ಇಂಚು. ದೊಡ್ಡ ಗಾಲಿ ಕೆಸರಿನಲ್ಲಿ ಖಂಡಿತ ಸಿಕ್ಕಿಬೀಳುತ್ತಿತ್ತು. ಚೀಟಿಯಲ್ಲಿ "ಹದಿನೈದು, ಐದೂವರೆ. ದೊಡ್ಡದು ಬೇಡವೇ ಬೇಡ" ಎಂದು ಬರೆದು ಎರಡು ಸಲ ಗೀಟು ಎಳೆದು ಅಣ್ಣನಿಗೆ ಕೊಟ್ಟೆ.

ಹುಬ್ಬಳ್ಳಿಯಿಂದ ಅವನು ಬಂದಾಗ ಕಾರು ಎತ್ತರವಾಗಿ ಕಂಡಿತು. ಬಗ್ಗಿ ಟೈರಿನ ಮೇಲಿನ ನಂಬರು ಓದಿದೆ.

"ಅಣ್ಣಾ, ಇದು ಹದಿನಾರು!"

"ಮೆಲ್ಲಕ ಮಾತಾಡ. ಗೆಳೆಯಾರು ನಕ್ಕರು, ಸಣ್ಣ ಗಾಲಿ ಹಾಕಿದ್ರ ಕೂಸಿನ ಗಾಡಿ ಕಂಡಂಗ ಕಾಣತೈತಿ ಅಂದ್ರು. ಅಪ್ಪಗ ಹೇಳಬ್ಯಾಡವ್ವ. ಏನಾರ ಆದ್ರ ನನ್ನ ಮ್ಯಾಲ ಇರ್ಲಿ."

ನಾನು ಹೇಳಲಿಲ್ಲ. ಅಣ್ಣನಲ್ಲವೇ.

ಮೊದಲ ಮಳೆ ಬಿದ್ದ ವಾರ ಅಪ್ಪ, ಅಣ್ಣ ಗಜೇಂದ್ರಗಡಕ್ಕೆ ಹೊರಟರು. ಸಂಜೆಗೆ ಚಕ್ಕಡಿಯಲ್ಲಿ ಮರಳಿದರು, ಧೋತರದ ತುಂಬ ಕೆಸರು. ದಾರಿಯಲ್ಲಿ ಸವಡಿ ಊರಿನ ಹತ್ತಿರ ಮಣ್ಣು ಮೆತ್ತಿದ ಮುಂದಿನ ಗಾಲಿ ತಿರುವಿನಲ್ಲಿ ಮಡ್‌ಗಾರ್ಡಿಗೆ ಸಿಕ್ಕು ಟೈರು ಕೊಯ್ದುಹೋಗಿತ್ತು. ಕಾರು ತಗ್ಗಿಗೆ ಇಳಿದಿತ್ತು. ಹೊಲದಿಂದ ಬರುತ್ತಿದ್ದವರು ನಿಂತು ನಕ್ಕಿದ್ದರು.

"ಯಾರದು ಈ ಅಳತಿ?" ಅಪ್ಪ ಪಡಸಾಲೆಯಲ್ಲಿ ಗುಡುಗಿದರು.

ನಾನು ಅಣ್ಣನ ಮುಖ ನೋಡಿದೆ. ಅವನು ಕಾಲಿನ ಕೆಸರು ನೋಡುತ್ತ, "ಆಕಿ ಬರದುಕೊಟ್ಟದ್ದನ್ನ ತಂದೀನ್ರಿ" ಎಂದ.

"ಇಲ್ಲಪ್ಪಾ, ನಾ ಹದಿನೈದು ಬರದಿದ್ನಿ. ಚೀಟಿ ಕೇಳ್ರಿ."

"ಅಂಗಡ್ಯಾಗ ಬಿಟ್ಟ ಬಂದೀನಿ" ಎಂದ ಅಣ್ಣ, ತಟ್ಟನೆ.

"ತಪ್ಪು ಮಾಡೂದಲ್ದ ಅಣ್ಣನ ಮ್ಯಾಲ ಹಾಕ್ತೀಯೇನು?" ಅಪ್ಪನ ದನಿ ಇಳಿದಿತ್ತು, ಅದೇ ಹೆಚ್ಚು ಚುಚ್ಚಿತು. "ಕಾನ್ವೆಂಟ್ ಲೆಕ್ಕಾ ನೋಡಿದ್ನಿ. ಕಾಲೇಜಿನ ಮಾತು ಇನ್ನ ಸಾಕು."

ಎರಡು ದಿನ ಅಣ್ಣ ನನ್ನ ಕಣ್ಣು ತಪ್ಪಿಸಿದ. ಮೂರನೆಯ ದಿನ ಕಾಗದ, ಪೆನ್ಸಿಲ್ಲು ಹಿಡಿದು ಅಡುಗೆಮನೆಗೆ ಬಂದ.

"ಅಳತಿ ಇನ್ನೊಮ್ಮೆ ಬರದುಕೊಡ. ಆ ಚೀಟಿ ಅವತ್ತ ಹರದು ಒಗದ್ನಿ."

"ಅಪ್ಪನ ಮುಂದ ಖರೇ ಹೇಳ್ತೀಯೇನು?"

"ಹೇಳ್ತೀನವ್ವ. ಮದ್ಲ ಕಾರು ನೆಟ್ಟಗಾಗ್ಲಿ."

ಬೇಕಂತಲೇ ತಪ್ಪು ಬರೆಯಬಹುದಿತ್ತು. ಆ ಯೋಚನೆ ಬಂದೂ ಬಂತು. ಆದರೆ ತಪ್ಪೆಂದು ಗೊತ್ತಿದ್ದೂ ಒಂದು ಅಂಕಿ ಬರೆಯಲು ನನ್ನ ಕೈ ಏಳಲಿಲ್ಲ. ಹದಿನೈದು, ಐದೂವರೆ ಎಂದು ಬರೆದುಕೊಟ್ಟೆ.

ಅವನು ಹೇಳಲಿಲ್ಲ, ಆ ವಾರವೂ, ಮುಂದೆಂದೂ. ಧಾರವಾಡದ ಅಡ್ಮಿಶನ್ ದಿನಗಳು ಮುಗಿದವು. ಕಾರು ಮಾತ್ರ ಹೊಳೆಮಣ್ಣೂರಿನ ಕೆಸರಿನಲ್ಲೂ ನಿಲ್ಲದೆ ಓಡಿತು. ಬಂದವರು ಗಾಲಿ ಹೊಗಳಿದರೆ ಅಪ್ಪ, "ಈ ಸಲ ನನ್ನ ಮಗಾನ ಅಳದು ತಂದಾನ್ರಿ" ಎನ್ನುತ್ತಿದ್ದರು. ಅಣ್ಣ ತಲೆ ತಗ್ಗಿಸಿ ನಗುತ್ತಿದ್ದ. ನಾನು ಚಹಾ ಇಟ್ಟು ಒಳಗೆ ಬರುತ್ತಿದ್ದೆ.