ದುರಗವ್ವನ ಸಾಕ್ಷಿಗುಡ್ಡೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಸರ್ಕಾರಿ ನೌಕರಿಯಲ್ಲಿ ಅದು ಬಹಳ ಕೆಲಸಕ್ಕೆ ಬಂತು. ರಸ್ತೆಗೆ ಹಾಕುವ ಗರಸುಮಣ್ಣು ಅಗೆಯುವ ಕಣಿಗಳ ತಪಾಸಣೆಗೆ ಈ ಪಂಢರಿನಾಥ ಸಾಹೇಬರು ಹೊರಟರೆಂದರೆ ಹುಬ್ಬಳ್ಳಿಯ ಗುತ್ತಿಗೆದಾರರಿಗೆ ಊಟ ರುಚಿಸುತ್ತಿರಲಿಲ್ಲ. ಆದರೆ ಒಂದು ಸಲ ಆ ಸಿಟ್ಟೇ ನನ್ನ ತಲೆ ತಗ್ಗಿಸಿತು. ತಗ್ಗಿಸಿದವಳು ದುರಗವ್ವ.

ದುರಗವ್ವ ಹುಟ್ಟಿದ್ದು ಹಳೇ ಹುಬ್ಬಳ್ಳಿಯಲ್ಲಿ. ಹದಿನಾಲ್ಕನೆಯ ವಯಸ್ಸಿಗೆ ತಲೆಯ ಮೇಲೆ ಗರಸಿನ ಬುಟ್ಟಿ ಬಂತು, ಇಪ್ಪತ್ತೈದು ವರ್ಷ ಇಳಿಯಲಿಲ್ಲ. ಗುತ್ತಿಗೆದಾರರ ಬೈಗುಳ ಕೇಳಿ ಕೇಳಿ ಸಾಕಾಗಿ, ೧೯೬೧ರಲ್ಲಿ ಇಪ್ಪತ್ತೆರಡು ಮನೆಯವರನ್ನು ಕೂಡಿಸಿ ಮಜೂರರ ಸಹಕಾರಿ ಸಂಘ ಕಟ್ಟಿದಳು. ಗೋಕುಲ ರಸ್ತೆಯ ಆಚೆ ಒಂದು ಹೊಲದಲ್ಲಿ ಗರಸು ತೆಗೆಯಲು ಪರವಾನಗಿ ಸಿಕ್ಕಿತು. ಕಣಿಯ ದಂಡೆಯಲ್ಲೇ ಎಲ್ಲರೂ ಗುಡಿಸಲು ಹಾಕಿದರು.

ಆಕೆಗೆ ಓದು ಬಾರದು. ಪರವಾನಗಿಯ ಕಾಗದವನ್ನು ಶಾಲೆಯ ಶಾಂತಯ್ಯ ಮಾಸ್ತರರಿಂದ ಏಳು ಸಲ ಓದಿಸಿಕೊಂಡು ಬಾಯಿಪಾಠ ಮಾಡಿದ್ದಳು. ಎಂಟು ಅಡಿಗಿಂತ ಆಳ ಹೋಗಬಾರದು. ಮೇಲಿನ ಕರಿಮಣ್ಣನ್ನು ಬೇರೆ ಗುಂಪಿ ಹಾಕಿಡಬೇಕು. ಗರಸು ತೆಗೆದಾದ ಮೇಲೆ ಅಂಚುಗಳನ್ನು ಇಳಿಜಾರು ಮಾಡಿ, ತಪಾಸಣೆಯಾದ ಮೇಲೆ ಅದೇ ಕರಿಮಣ್ಣು ಹರಡಿ, ಹೊಲವನ್ನು ಮತ್ತೆ ಹೊಲವನ್ನಾಗಿ ಬಿಟ್ಟುಕೊಡಬೇಕು. ತಪಾಸಣೆಯಲ್ಲಿ ಪಾಸಾದರೆ ಸಂಘಕ್ಕೆ ಮುಂದಿನ ಕಣಿ. ಇಲ್ಲವಾದರೆ ಸಂಘಕ್ಕೆ ಬೀಗ, ಇಪ್ಪತ್ತೆರಡು ಮನೆಯವರೂ ಮರಳಿ ಗುತ್ತಿಗೆದಾರನ ಬಾಗಿಲಿಗೆ.

ಮರುವರ್ಷ ನಾನು ತಪಾಸಣೆಗೆ ಹೋದದ್ದು ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ. ಹಿಂದಿನ ದಿನ ನಮ್ಮ ಮನೆಯಲ್ಲೂ ಕುಂಬಾರನಿಂದ ತಂದ ಮಣ್ಣಿನ ಎತ್ತುಗಳಿಗೆ ಪೂಜೆಯಾಗಿ, ನಾನು ಹೊಟ್ಟೆ ಬಿರಿಯುವಷ್ಟು ಹೋಳಿಗೆ ಹೊಡೆದಿದ್ದೆ. ಕಣಿಯ ಅಂಚುಗಳು ಚೆಂದಾಗಿ ಇಳಿಜಾರಾಗಿದ್ದವು. ಕರಿಮಣ್ಣಿನ ಗುಂಪಿಯಿಂದ ಒಂದು ಹಿಡಿಯೂ ಕದಲಿರಲಿಲ್ಲ. ನನಗೆ ಮೆಚ್ಚುಗೆಯಾಯಿತು.

ಆಮೇಲೆ ಸಾಕ್ಷಿಗುಡ್ಡೆಯ ಹತ್ತಿರ ಬಂದೆ. ಕಣಿ ಅಗೆಯುವವರು ನಟ್ಟನಡುವೆ ಒಂದು ದಿಬ್ಬವನ್ನು ಮುಟ್ಟದೆ ಬಿಡುತ್ತಾರೆ. ಅದರ ನೆತ್ತಿ ಹಳೆಯ ನೆಲ, ಬುಡ ಈಗಿನ ತಳ. ಟೇಪು ಹಿಡಿದರೆ ಎಷ್ಟು ಆಳ ಹೋಗಿದ್ದಾರೆಂದು ತಿಳಿಯುತ್ತದೆ. ಅಂಚುಗಳೆಲ್ಲ ಇಳಿಜಾರಾದ ಮೇಲೆ ಉಳಿದ ಸಾಕ್ಷಿ ಅದೊಂದೇ. ಆ ಗುಡ್ಡೆಯ ನೆತ್ತಿಯನ್ನು ಯಾರೋ ಹಸಿಹಸಿಯಾಗಿ ಕೆತ್ತಿದ್ದರು. ಅಳೆದರೆ ಆರೂವರೆ ಅಡಿ.

ನನ್ನ ಪಿತ್ತ ನೆತ್ತಿಗೇರಿತು.

"ಯಾರು ಕಡದ್ರು ಇದನ್ನ? ಹತ್ತಡಿ ತೋಡಿ, ಗುಡ್ಡಿ ತಲಿ ಹಾರಿಸಿ, ಸರ್ಕಾರದ ಕಣ್ಣಾಗ ಮಣ್ಣು ಹಾಕ್ತೀರೇನು?"

ದುರಗವ್ವನ ಮುಖ ಸಪ್ಪಗಾಯಿತು. "ತೋಡಿಲ್ರೀ ಸಾಹೇಬ್ರ. ಎತ್ತು ಮಾಡಾಕ ತಗೊಂಡೇವ್ರಿ."

"ಏನು?"

"ಮಣ್ಣೆತ್ತು ಮಾಡಾಕ ಕರಿಮಣ್ಣು ಬೇಕಲ್ರಿ. ಸುತ್ತಲ ಹೊಲಾ ಎಲ್ಲಾ ಬಿತ್ಯಾರ. ಗುಂಪಿ ಮುಟ್ಟಬಾರದು ಅಂತ ಕಾಗದದಾಗ ಐತಿ. ಗುಡ್ಡಿ ಮುಟ್ಟಬಾರದು ಅಂತ ಎಲ್ಲೂ ಇರಲಿಲ್ರಿ. ನಾನ ತಗೋರಿ ಅಂದೆ."

ಖರೇ, ಕಾಗದದಲ್ಲಿ ಅದು ಇರಲಿಲ್ಲ. ಎಲ್ಲರಿಗೂ ಗೊತ್ತಿರುವ ಮಾತೆಂದು ನಾವು ಬರೆದೇ ಇರಲಿಲ್ಲ. ಆದರೂ ನಾನು ಕತೆ ಕೇಳುವ ಮನುಷ್ಯನಲ್ಲ. ವರದಿ ಬರೆಯಲು ಪೆನ್ನು ತೆಗೆದೆ.

"ಒಂದ್ ತಾಸು ತಡೀರಿ," ಎಂದಳು ದುರಗವ್ವ. ಪಕ್ಕದಲ್ಲಿದ್ದ ಸೊಸೆಗೆ ಕೂಗಿದಳು: "ಸತ್ಯವ್ವಾ, ಲಗೂ ಹೋಗು. ಮನಿಮನಿ ಎತ್ತು ತರಸು. ಗ್ವಾದಲಿ ಸುದ್ದಾ ಬಿಡಬ್ಯಾಡ."

ಸತ್ಯವ್ವ ಹೌಹಾರಿದಳು. "ಪೂಜಾ ಮಾಡಿದ ದೇವರನ್ನ ಟೇಪಿಗೆ ಹಿಡೀತೀರೇನತ್ತಿ?"

"ಹಿಡೀಲಿ. ನಮ್ಮ ಮಾತು ನಡೀಲಿಲ್ಲ, ದೇವರರೆ ಹೇಳಲಿ."

ಹೆಂಗಸರು ತಾಟಿನಲ್ಲಿ, ಉಡಿಯಲ್ಲಿ ಎತ್ತುಗಳನ್ನು ಹೊತ್ತು ತಂದರು. ಕುಂಕುಮ ಇನ್ನೂ ಹಸಿಯಾಗಿತ್ತು. ದುರಗವ್ವ ನಿಚ್ಚಣಿಕೆ ಏರಿ, ಒಂದೊಂದು ಜೋಡಿಯನ್ನೂ ಕಣ್ಣಿಗೊತ್ತಿಕೊಂಡು ಗುಡ್ಡೆಯ ನೆತ್ತಿಯ ಮೇಲೆ ಗಟ್ಟಿಯಾಗಿ ಒತ್ತಿ ಒಟ್ಟಿದಳು. ಎತ್ತುಗಳ ಮುಂದಿಡುವ ಮಣ್ಣಿನ ಮೇವಿನ ತೊಟ್ಟಿ, ಆ ಗ್ವಾದಲಿಯನ್ನೂ ಪುಡಿಮಾಡಿ ಸಂದಿಗಳಲ್ಲಿ ತುಂಬಿದಳು. ನಾನು ಟೇಪು ಹಿಡಿದೆ. ಏಳು ಅಡಿ. ಏಳೂವರೆ. ಏಳು ಅಡಿ ಹತ್ತು ಇಂಚು.

"ಸಾಕು, ಆತಲ್ಲ," ಎಂದೆ. ಎಂಟರ ಒಳಗೇ ಇತ್ತು.

"ಆಗಿಲ್ರಿ. ಇಪ್ಪತ್ತೊಂದು ಮನೀವು ಬಂದಾವು. ಇನ್ನೊಂದು ಮನೀದು ಉಳದೈತಿ."

"ಯಾರದು?"

"ನಂದ್ರಿ."

ಒಂದೊಂದು ಎತ್ತು ಏರಿದಂತೆ ನನ್ನ ಲೆಕ್ಕದಲ್ಲಿ ಕಣಿ ಆಳವಾಗುತ್ತಿತ್ತು. ಎಂಟು ದಾಟಿದರೆ ಸಂಘವೇ ಮುಳುಗುತ್ತಿತ್ತು. ಕೊನೆಯ ಜೋಡಿಯನ್ನು ಮನೆಯಲ್ಲೇ ಬಿಟ್ಟಿದ್ದರೆ ನನಗೇನು ಗೊತ್ತಾಗುತ್ತಿತ್ತು, ಮಣ್ಣು! ಆಕೆ ತಾನೇ ಹೋಗಿ ತಂದಳು. ಎಲ್ಲಕ್ಕಿಂತ ದೊಡ್ಡ ಎತ್ತುಗಳು. ಇಟ್ಟು ಒತ್ತಿದಳು. ನಾನು ಮತ್ತೆ ಟೇಪು ಹಿಡಿದೆ.

ಏಳು ಅಡಿ ಹನ್ನೊಂದು ಇಂಚು.

ಸತ್ಯವ್ವ ಗೊಳೋ ಎಂದು ಅತ್ತುಬಿಟ್ಟಳು. ನಾನು ಅಲ್ಲೇ ಕಲ್ಲಿನ ಮೇಲೆ ಕೂತು 'ಷರತ್ತಿನಂತೆ ಇದೆ' ಎಂದು ಬರೆದು ಸಹಿ ಮಾಡಿದೆ. ಬೈದದ್ದಕ್ಕೆ "ತಪ್ಪಾತವ್ವಾ" ಎಂದೆ. ಇಡೀ ನೌಕರಿಯಲ್ಲಿ ಆ ಮಾತು ಇನ್ನೊಮ್ಮೆ ಆಡಿದ ನೆನಪಿಲ್ಲ. ಮರುದಿನ ಗುಡ್ಡೆ ಕೆಡವಿ, ಎತ್ತುಗಳ ಸಮೇತ ಕರಿಮಣ್ಣನ್ನು ಹೊಲಕ್ಕೆ ಹರಡಿದರಂತೆ.

ಮುಂದಿನ ವರ್ಷ ಅವರ ಎರಡನೆಯ ಕಣಿಗೆ ಹೋದೆ. ಅಮಾವಾಸ್ಯೆಗೆ ಎರಡು ದಿನವಿತ್ತು. ದಾರಿಯಲ್ಲಿ ಹಳೆಯ ಕಣಿಯ ಜಾಗದಲ್ಲಿ ಹೆಸರು ಗೇಣುದ್ದ ಎದ್ದು ನಿಂತಿತ್ತು. ಹೊಸ ಕಣಿಯ ನಡುವೆ ನೋಡಿದರೆ ಒಂದಲ್ಲ, ಎರಡು ಗುಡ್ಡೆ.

"ಇದೇನವ್ವಾ, ಎರಡು?"

"ದೊಡ್ಡದು ನಿಮ್ಮ ಟೇಪಿಗ್ರಿ," ಎಂದು ದುರಗವ್ವ ನಕ್ಕಳು. "ಸಣ್ಣದು ನಮ್ಮ ಎತ್ತಿಗೆ."

ದೊಡ್ಡದನ್ನು ಅಳೆದು ಬರೆದುಕೊಂಡೆ. ಸಣ್ಣದರಿಂದ ಎರಡು ಬೊಗಸೆ ಕರಿಮಣ್ಣು ಕೇಳಿ, ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಆ ವರ್ಷ ನಮ್ಮ ಮನೆಯ ಎತ್ತುಗಳನ್ನು ನಾನೂ ನನ್ನ ಮಗಳು ರಜನಿಯೂ ಕೂಡಿ ಮಾಡಿದೆವು.